ಶಾಲೆಯ ಸೋಷಿಯಲ್ ವರ್ಕರ್ ಮಾತಾಡಬೇಕಂತೆ, ಮಗನಿಗೆ ಇನ್ನೂ ನಾಲ್ಕು ತುಂಬಿಲ್ಲ

ಗುಬ್ಬಿಗೂಡು
ಎಲ್ಲರಿಗೂ ನಮಸ್ಕಾರ. ಇಲ್ಲಿ ಓದ್ತಾ ಇರ್ತೀನಿ, ಬರೀತಿರೋದು ಮೊದಲ ಸಲ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮಗನಿಗೆ ಮೂರು ವರ್ಷ ಹತ್ತು ತಿಂಗಳು. ಪ್ರೀಸ್ಕೂಲ್ ಸೇರಿ ಐದು ತಿಂಗಳಾಯ್ತು. ಮೊದಲ ಎರಡು ಮೂರು ತಿಂಗಳು ಒಂದು ದೂರೂ ಇರಲಿಲ್ಲ. ಆಮೇಲೆ ದಿನಾ ಏನಾದರೊಂದು. ಪಕ್ಕದ ಮಗುವನ್ನ ತಳ್ಳಿದ, ಸಾಲಲ್ಲಿ ನಿಲ್ಲಲ್ಲ, ಟೀಚರ್ ಹೆಸರು ಹಿಡಿದು ಕರೆದರೂ ತಿರುಗಲ್ಲ, ಕಥೆ ಹೇಳುವಾಗ ಎದ್ದು ಹೋಗ್ತಾನೆ. ಹೋದ ವಾರ ಒಂದು ಹುಡುಗಿಯ ಕೈ ಕಚ್ಚಿದ್ದಾನೆ, ಹಲ್ಲಿನ ಗುರುತು ಬೀಳೋ ಹಾಗೆ. ಆ ಮಗುವಿನ ಅಮ್ಮನ ಮುಖ ನೋಡೋಕೆ ನನಗಾಗಲಿಲ್ಲ.

ನಿನ್ನೆ ಶಾಲೆಯಿಂದ ಫೋನ್. "ನಮ್ಮ ಸೋಷಿಯಲ್ ವರ್ಕರ್ ನಿಮ್ಮ ಜೊತೆ ಮಾತಾಡಬೇಕು ಅಂತಿದ್ದಾರೆ, ನಿಮ್ಮ ಒಪ್ಪಿಗೆ ಇದ್ದರೆ ಮನೆಗೂ ಒಂದು ಸಲ ಬರ್ತಾರೆ" ಅಂದ್ರು. ಎದೆ ಧಸಕ್ ಅಂತು. ಟೀಚರ್ ಕರೀತಾರೆ, ಪ್ರಿನ್ಸಿಪಾಲ್ ಕರೀತಾರೆ, ಸರಿ. ಸೋಷಿಯಲ್ ವರ್ಕರ್ ಯಾಕೆ? ಮನೇಲಿ ನಾವು ಮಗುವನ್ನ ಸರಿಯಾಗಿ ನೋಡಿಕೊಳ್ತಿಲ್ಲ ಅಂತ ಅನುಮಾನನಾ? ಇವರು ಏನು ಬರ್ಕೊಳ್ತಾರೆ, ಅದು ಎಲ್ಲಿಗೆ ಹೋಗುತ್ತೆ? ಗೊತ್ತಿರೋರು ದಯವಿಟ್ಟು ಹೇಳಿ.

ಇಬ್ಬರ ಅಪ್ಪ
ಮೇಡಂ, ನಮ್ಮನ್ನೂ ಕರೆದಿದ್ರು, ದೊಡ್ಡವನ ವಿಷಯಕ್ಕೆ. ನಾನೂ ಹೆಂಡತಿಯೂ ಕೋರ್ಟಿಗೆ ಹೋಗೋರ ಹಾಗೆ ರೆಡಿಯಾಗಿ ಹೋದ್ವಿ. ಅವರು ಮುಕ್ಕಾಲು ಗಂಟೆ ಕೇಳಿದ್ದು ರಾತ್ರಿ ಎಷ್ಟು ಹೊತ್ತಿಗೆ ಮಲಗ್ತಾನೆ, ಎಲ್ಲಿ ಮಲಗ್ತಾನೆ, ರೂಮಲ್ಲಿ ಟಿವಿ ಇದೆಯಾ, ಇಷ್ಟೇ. ಎರಡು ವಾರ ನಿದ್ದೆ ಸರಿ ಮಾಡಿದ್ವಿ, ಬೆಳಗಿನ ರಂಪ ಅರ್ಧಕ್ಕೆ ಇಳೀತು. ಹೆದರಬೇಡಿ, ಹೋಗಿ ಬನ್ನಿ.

ನೇರಮಾತು
ಎಲ್ಲರ ಕಥೆಯೂ ಇಷ್ಟು ಸಲೀಸಾಗಿ ಮುಗಿಯಲ್ಲ. ನನ್ನ ಮಗಳು ನಾಲ್ಕು ವರ್ಷದವಳಿದ್ದಾಗ ಒಂದು ಶಾಲೆಯಲ್ಲಿ (ಹೆಸರು ಬೇಡ) ಯಾರೋ ಒಬ್ಬರು ಹತ್ತು ನಿಮಿಷ ಕಿಟಕಿಯಿಂದ ನೋಡಿ, "ಗಮನದ ಸಮಸ್ಯೆ ಇರಬಹುದು" ಅಂತ ಫೈಲಲ್ಲಿ ಬರೆದರು. ಆ "ಇರಬಹುದು" ಮುಂದಿನ ವರ್ಷದ ಟೀಚರ್ ಬಾಯಲ್ಲಿ "ಇದೆ" ಆಯ್ತು. ಅದನ್ನ ಅಳಿಸಿಸೋಕೆ ನನಗೆ ಎರಡು ವರ್ಷ ಹಿಡೀತು. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಮನೆಗೆ ಯಾಕೆ ಬರಬೇಕು ಅಂತ ಮೊದಲು ಕೇಳಿ.

ಹಳೇ ಚಪ್ಪಲಿ
ನಾನು ಇದೇ ಕೆಲಸ ಇಪ್ಪತ್ತೆರಡು ವರ್ಷ ಮಾಡಿ ಈಗ ನಿವೃತ್ತಿಯಾಗಿದ್ದೀನಿ. ಮನೆಮನೆ ಅಲೆದು ಸವೆಸಿದ ಚಪ್ಪಲಿಯ ಲೆಕ್ಕ ಇಟ್ಟಿಲ್ಲ, ಹೆಸರು ಮಾತ್ರ ಅದನ್ನೇ ಇಟ್ಟುಕೊಂಡಿದ್ದೀನಿ.

ಮೊದಲು ಹೆಸರಿನ ಗೊಂದಲ. ನಮ್ಮಲ್ಲಿ "ಸಮಾಜ ಸೇವಕಿ" ಅಂದ್ರೆ ಬ್ಯಾನರ್ ಮೇಲೆ ಫೋಟೊ ಹಾಕಿಸಿಕೊಂಡೋರು ನೆನಪಾಗ್ತಾರೆ. ಅವರು ಬೇರೆ. ಸಮಾಜ ಕಾರ್ಯ ಅನ್ನೋದು ಓದಿ ಕಲಿಯೋ ವೃತ್ತಿ. ಶಾಲೆಯಲ್ಲಿ ಆ ಕೆಲಸ ಮಾಡೋರು ಶಾಲಾ ಸಮಾಜ ಕಾರ್ಯಕರ್ತೆ. ಸೋಷಿಯಲ್ ವರ್ಕರ್ ಅಂದರೂ ಸಾಕು, ನನ್ನನ್ನ ಮಕ್ಕಳು "ಬ್ಯಾಗ್ ಆಂಟಿ" ಅಂತಿದ್ರು.

ಈಗ ಗುಬ್ಬಿಗೂಡು ಅವರ ಪ್ರಶ್ನೆ. ಸೋಷಿಯಲ್ ವರ್ಕರ್ ಯಾಕೆ? ಯಾಕಂದ್ರೆ ನಾಲ್ಕು ತುಂಬದ ಮಗು ಶಾಲೆಯಲ್ಲಿ ಮಾಡಿದ್ದಕ್ಕೆ ಕಾರಣ ಶಾಲೆಯಲ್ಲೇ ಸಿಗಬೇಕು ಅಂತೇನಿಲ್ಲ. ಮನೆಯಲ್ಲೇ ಸಿಗಬೇಕು ಅಂತಾನೂ ಇಲ್ಲ. ಟೀಚರ್ ಕಣ್ಣಿಗೆ ನಿಮ್ಮ ಮನೆ ಕಾಣಲ್ಲ, ನಿಮ್ಮ ಕಣ್ಣಿಗೆ ತರಗತಿ ಕಾಣಲ್ಲ. ಎರಡೂ ಕಡೆ ಓಡಾಡಿ ನೋಡೋ ಒಬ್ಬರು ಬೇಕು. ಅಷ್ಟೇ ನಮ್ಮ ಕೆಲಸ, ಹೇಳೋಕೆ ಸುಲಭ.

ದೊಡ್ಡ ಮಕ್ಕಳಾದರೆ ಕೂರಿಸಿ ಕೇಳಬಹುದು, "ಏನಾಯ್ತಪ್ಪ?" ಅಂತ. ಈ ವಯಸ್ಸಿನವರನ್ನ "ಯಾಕೆ ಕಚ್ಚಿದೆ?" ಅಂತ ಕೇಳಿದರೆ ಒಂದೋ ಸುಮ್ಮನಿರ್ತಾರೆ, ಇಲ್ಲಾಂದ್ರೆ ನಿಮಗೆ ಇಷ್ಟವಾಗೋ ಉತ್ತರ ಕೊಡ್ತಾರೆ. ಹಾಗಾಗಿ ನಾವು ಕೇಳೋದಕ್ಕಿಂತ ನೋಡೋದೇ ಜಾಸ್ತಿ. ನೋಡೋಕೊಂದು ಕ್ರಮ ಇದೆ: ಏನು ನಡೆಯಿತು, ಅದಕ್ಕೆ ಸ್ವಲ್ಪ ಮುಂಚೆ ಏನಿತ್ತು, ಆದಮೇಲೆ ಮಗುವಿಗೆ ಏನು ಸಿಕ್ಕಿತು. ಮೂರು ಕಾಲಂ. ಒಂದು ವಾರ ಬರೆದರೆ ಎಲ್ಲರೂ "ಸುಮ್ಸುಮ್ನೆ ಹೊಡೀತಾನೆ" ಅನ್ನೋ ಮಗು ಸುಮ್ಸುಮ್ನೆ ಹೊಡೆಯಲ್ಲ ಅಂತ ಗೊತ್ತಾಗುತ್ತೆ. ನಾನು ನೋಡಿದ ಒಬ್ಬ ಹುಡುಗ ಯಾವಾಗಲೂ ಆಟದ ಸಾಮಾನು ಎತ್ತಿಡೋ ಹೊತ್ತಲ್ಲೇ ಹೊಡೀತಿದ್ದ. ಹೊಡೆದ ಕೂಡಲೇ ಅವನನ್ನ ಆಯಮ್ಮನ ಪಕ್ಕ ಕೂರಿಸ್ತಿದ್ರು. ಶಿಕ್ಷೆ ಅಂತ. ಅವನಿಗೋ ಆಯಮ್ಮ ಅಂದ್ರೆ ಪ್ರಾಣ.

ನೇರಮಾತು ಸರ್, ನಿಮಗಾಗಿದ್ದು ತಪ್ಪು. ಹತ್ತು ನಿಮಿಷ ಕಿಟಕಿಯಿಂದ ನೋಡಿ ಏನನ್ನೂ ಬರೆಯಬಾರದು. ಗಮನದ ಸಮಸ್ಯೆ ಅಂತ ನಿರ್ಣಯ ಕೊಡೋದು ಶಾಲೆಯ ಸೋಷಿಯಲ್ ವರ್ಕರ್ ಕೆಲಸವೂ ಅಲ್ಲ. ಕಂಡದ್ದನ್ನ ಬರೆಯಬೇಕು: "ಹದಿನೈದು ನಿಮಿಷದ ಕಥೆಯಲ್ಲಿ ನಾಲ್ಕು ಸಲ ಎದ್ದ" ಅಂತ. "ಚಂಚಲ" ಅಂತ ಬರೆದರೆ ಅದು ಕಂಡದ್ದಲ್ಲ, ಅಂದುಕೊಂಡದ್ದು.

ಅಜ್ಜಿಮನೆ
ಮೊಮ್ಮಕ್ಕಳು ಐದು ಜನ ನನಗೆ. ಐವರೂ ಕಚ್ಚಿದವರೇ, ಐವರೂ ಈಗ ಸರಿಯಾಗಿಯೇ ಇದ್ದಾರೆ. ಇಷ್ಟು ಸಣ್ಣದಕ್ಕೆ ಇಷ್ಟೊಂದು ಜನ ಬೇಕಾ ಅಂತ ಕೇಳಿದ್ರೆ ಮಗಳು ಬೈತಾಳೆ.

ಬಣ್ಣದ ಪೆನ್ಸಿಲ್
ಅಜ್ಜಿ, ನಾನು ಪ್ರೀಸ್ಕೂಲ್ ಟೀಚರ್. ನೀವು ಹೇಳೋದು ಅರ್ಧ ನಿಜ. ಒಂದೂವರೆ, ಎರಡು ವರ್ಷದಲ್ಲಿ ಕಚ್ಚೋದು ಮಾಮೂಲು, ಮಾತು ಬಂದ ಹಾಗೆ ತಾನಾಗೇ ಕಡಿಮೆಯಾಗುತ್ತೆ. ಮೂರು ತಿಂಗಳು ಸುಮ್ಮನಿದ್ದ ಮಗು ನಾಲ್ಕರ ಹತ್ತಿರ ಬಂದು ಇದ್ದಕ್ಕಿದ್ದಂತೆ ಶುರು ಮಾಡಿದರೆ ಏನು ಬದಲಾಯ್ತು ಅಂತ ನಾನಂತೂ ಹುಡುಕ್ತೀನಿ.

ಟೀಚರ್‌ಗಳ ಕಡೆಯ ತಪ್ಪೂ ಹೇಳಿಬಿಡ್ತೀನಿ. ನಾವು ಸೋಷಿಯಲ್ ವರ್ಕರ್‌ನ ಕರೆಯೋದು ಯಾವಾಗಲೂ ತಡವಾಗಿ. ಬೇರೆ ಪೋಷಕರು ಗಲಾಟೆ ಮಾಡಿದ ಮೇಲೆ, ನಮಗೂ ಸಾಕಾಗಿ ಹೋದ ಮೇಲೆ. ಅಷ್ಟು ಹೊತ್ತಿಗೆ ತರಗತಿಯಲ್ಲಿ ಏನೇ ಬಿದ್ದರೂ ಉಳಿದ ಮಕ್ಕಳು ಆ ಒಂದೇ ಹೆಸರು ಹೇಳೋಕೆ ಕಲಿತಿರ್ತಾವೆ. ಆ ಮಗು ರಜೆ ಹಾಕಿದ ದಿನವೂ! ನಮ್ಮ ತರಗತಿಯಲ್ಲಿ ನಿಜವಾಗಿ ನಡೆದಿದ್ದು.

ತಡವಾದರೆ ಏನಾಗುತ್ತೆ ಅನ್ನೋದಕ್ಕೆ, ಅಮೆರಿಕದಲ್ಲಿ ಆಗ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಗಿಲಿಯಂ ಅವರ 2005ರ ಅಧ್ಯಯನ ನೋಡಿ. ಸರ್ಕಾರಿ ಪ್ರೀಸ್ಕೂಲ್‌ಗಳಿಂದ ಮಕ್ಕಳನ್ನ ಹೊರಗೆ ಹಾಕೋ ಪ್ರಮಾಣ ಮೇಲಿನ ತರಗತಿಗಳದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಸಾವಿರಕ್ಕೆ ಆರೇಳು ಮಕ್ಕಳು. ಮೂರು ನಾಲ್ಕು ವರ್ಷದವರು! ಟೀಚರ್‌ಗೆ ಮನಶ್ಶಾಸ್ತ್ರ ಬಲ್ಲವರ ಸಹಾಯ ನಿಯಮಿತವಾಗಿ ಸಿಗ್ತಿದ್ದ ತರಗತಿಗಳಲ್ಲಿ ಇದು ಕಡಿಮೆ ಇತ್ತು. ಕೈಗೆ ಸಿಗೋ ಹತ್ತಿರದಲ್ಲಿ ಒಬ್ಬರಿದ್ದರೆ ನಾನೂ ಇನ್ನೊಂದು ವಾರ ತಾಳ್ಮೆ ಹಿಡೀತೀನಿ, ಅದು ನನ್ನ ಅನುಭವ.

ಎಂಎಸ್‌ಡಬ್ಲ್ಯೂ ಎರಡನೇ ವರ್ಷ
ಹಳೇ ಚಪ್ಪಲಿ ಮೇಡಂ, ನಾನು ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ ಓದ್ತಿದ್ದೀನಿ. ನನಗೆ ಮುಂದಿನ ತಿಂಗಳು ಒಂದು ಪ್ರೀಸ್ಕೂಲಲ್ಲಿ ಫೀಲ್ಡ್ ವರ್ಕ್. ಕಾಲೇಜಲ್ಲಿ ಮನಶ್ಶಾಸ್ತ್ರಜ್ಞ ಬ್ರಾನ್‌ಫೆನ್‌ಬ್ರೆನರ್ ಅವರ ಪರಿಸರ ಸಿದ್ಧಾಂತ ಓದಿದ್ದೀವಿ: ಮಗು ಮಧ್ಯೆ, ಸುತ್ತ ಮನೆ, ಶಾಲೆ, ಆಮೇಲೆ ಊರು, ಕಾನೂನು, ವೃತ್ತದ ಮೇಲೆ ವೃತ್ತ. ಪರೀಕ್ಷೆಗೆ ಚಿತ್ರ ಚೆನ್ನಾಗಿ ಬರೀತೀನಿ. ಮೊದಲ ದಿನ ತರಗತಿಗೆ ಹೋಗಿ ಏನು ಮಾಡಬೇಕು ಅಂತ ಮಾತ್ರ ತಿಳೀತಿಲ್ಲ. ಕೌನ್ಸಿಲರ್‌ಗೂ ನಮಗೂ ವ್ಯತ್ಯಾಸ ಏನು ಅಂತ ಯಾರಾದರೂ ಕೇಳಿದರೂ ತಡವರಿಸ್ತೀನಿ.

ಹಳೇ ಚಪ್ಪಲಿ
ಮೊದಲ ದಿನ ನೆಲದ ಮೇಲೆ ಕೂತ್ಕೋ ಮಗಳೇ. ಕುರ್ಚಿ ಬೇಡ. ಪುಸ್ತಕ, ಪೆನ್ನು ಹೊರಗೆ ತೆಗೀಬೇಡ. ಹದಿನೈದು ನಿಮಿಷದಲ್ಲಿ ಯಾವುದಾದರೂ ಒಂದು ಮಗು ಬಂದು ನಿನ್ನ ಚೀಲದ ಜಿಪ್ ಎಳೆಯುತ್ತೆ. ಅಲ್ಲಿಂದ ಕೆಲಸ ಶುರು.

ಕೌನ್ಸಿಲರ್ ಮುಖ್ಯವಾಗಿ ಎದುರಿಗಿರೋ ವ್ಯಕ್ತಿಯ ಜೊತೆ ಕೆಲಸ ಮಾಡ್ತಾರೆ. ನಾವು ಆ ವ್ಯಕ್ತಿ ನಿಂತಿರೋ ನೆಲವನ್ನೂ ನೋಡ್ತೀವಿ. ಅಪ್ಪನ ಕೆಲಸ ಹೋಗಿದೆಯಾ, ಮನೆ ಬದಲಾಯಿಸಿದ್ದಾರಾ, ಹೊಸ ಪಾಪು ಬಂದಿದೆಯಾ, ಮನೆಯಲ್ಲಿ ಮಾತಾಡೋ ಭಾಷೆ ತರಗತಿಯಲ್ಲಿ ಇದೆಯಾ, ಮಗುವಿಗೆ ಬೆಳಿಗ್ಗೆ ಹೊಟ್ಟೆಗೆ ಬಿದ್ದಿದೆಯಾ. ಕಿವಿ, ಕಣ್ಣು, ಮಾತು ಪರೀಕ್ಷೆಗೆ ಎಲ್ಲಿ ಕಳಿಸಬೇಕು, ಯಾವ ಸವಲತ್ತಿಗೆ ಅರ್ಜಿ ಹಾಕಬೇಕು, ಅರ್ಜಿ ತುಂಬೋಕೆ ಬಾರದ ಅಮ್ಮನ ಪಕ್ಕ ಕೂತು ತುಂಬಿಸೋದು, ಇವೂ ನಮ್ಮ ಪಾಲಿಗೆ. ಇದು ಹೊಸದೇನಲ್ಲ. 1906-07ರ ಸುಮಾರಿಗೆ ನ್ಯೂಯಾರ್ಕ್, ಬೋಸ್ಟನ್, ಹಾರ್ಟ್‌ಫರ್ಡ್ ನಗರಗಳಲ್ಲಿ "ವಿಸಿಟಿಂಗ್ ಟೀಚರ್" ಅಂತ ಶುರುವಾಗಿದ್ದೇ ಈ ವೃತ್ತಿ. ಮಗು ಶಾಲೆಗೆ ಯಾಕೆ ಬರ್ತಿಲ್ಲ ಅಂತ ಮನೆ ಬಾಗಿಲಿಗೆ ಹೋಗಿ ಕೇಳ್ತಿದ್ರು. ಒಳಗೆ ಕಾಲಿಟ್ಟಾಗ ಕಂಡಿದ್ದು ಬಡತನ, ಕಾಯಿಲೆ, ತಮ್ಮ ತಂಗಿಯರನ್ನ ನೋಡಿಕೊಳ್ತಿದ್ದ ಮಕ್ಕಳು.

ಮಗುವಿನ ಜೊತೆ ಹೇಗೆ ಮಾತಾಡೋದು ಅಂತ ನೀನು ಕೇಳಲಿಲ್ಲ, ಆದರೂ ಹೇಳ್ತೀನಿ. ಗೊಂಬೆ ಮನೆ ಇಟ್ಟು ಆಡೋಕೆ ಬಿಡು, ನೀನು ಹಿಂದೆ ಹೋಗು. ಮಗು ಗೊಂಬೆಯನ್ನ ಮಂಚದ ಕೆಳಗೆ ಇಟ್ಟರೆ "ಓ, ಮಂಚದ ಕೆಳಗೆ ಇದೆ" ಅನ್ನು, ಅಷ್ಟೇ. "ಹೆದರಿಕೊಂಡಿದೆಯಾ? ಯಾರು ಹೆದರಿಸಿದ್ರು?" ಅಂತ ಕೇಳಿದರೆ ಕಥೆ ನಿನ್ನದಾಗುತ್ತೆ, ಮಗುವಿನದಲ್ಲ. ಮಗು ಆಟದಲ್ಲಿ ತೋರಿಸಿದ್ದೆಲ್ಲ ಮನೆಯಲ್ಲಿ ನಡೆದದ್ದು ಅಂತಾನೂ ತಿಳೀಬೇಡ. ನನ್ನ ಶುರುವಿನ ವರ್ಷಗಳಲ್ಲಿ ಒಂದು ಹುಡುಗಿ ದಿನಾ ಅಪ್ಪ ಗೊಂಬೆಯನ್ನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚೋಳು. ನನಗೆ ರಾತ್ರಿ ನಿದ್ದೆ ಇಲ್ಲ. ಕೊನೆಗೆ ನೋಡಿದರೆ ಅವರಪ್ಪ ಲಿಫ್ಟ್ ರಿಪೇರಿ ಮಾಡೋರು.

ನೇರಮಾತು
ಕಥೆ ಚೆನ್ನಾಗಿದೆ ಮೇಡಂ. ಆದರೆ ನೀವು ಲಿಫ್ಟ್ ವಿಷಯ ತಿಳಿದುಕೊಳ್ಳೋ ಮುಂಚೆ ದೂರು ಬರೆದಿದ್ದರೆ ಆ ಅಪ್ಪನ ಗತಿ? ನಾಲ್ಕು ವರ್ಷದ ಮಕ್ಕಳ ಮೈಮೇಲೆ ದಿನಾ ಒಂದು ಗಾಯ ಇರುತ್ತೆ. ಯಾವುದನ್ನ ನೋಡಿ ಏನು ಅಂದ್ಕೊಳ್ತೀರೋ ಅನ್ನೋ ಭಯ ನಮಗೂ ಇರುತ್ತಲ್ಲ.

ಹಳೇ ಚಪ್ಪಲಿ
ಇರಬೇಕಾದ ಭಯವೇ. ಸುತ್ತಿ ಬಳಸದೆ ಹೇಳ್ತೀನಿ.

ಓಡಾಡೋ ಮಗುವಿಗೆ ಮೊಣಕಾಲು, ಮುಂಗಾಲು, ಮೊಣಕೈ, ಹಣೆ ಇಲ್ಲೆಲ್ಲ ಏಟು ಬಿದ್ದೇ ಬೀಳುತ್ತೆ. ಮೂಳೆ ಚರ್ಮದ ಹತ್ತಿರ ಇರೋ ಜಾಗ, ಬಿದ್ದಾಗ ಮೊದಲು ನೆಲಕ್ಕೆ ತಗಲೋ ಜಾಗ. ಅದನ್ನ ನೋಡಿ ಯಾರೂ ಗಾಬರಿಯಾಗಲ್ಲ. ನಾಲ್ಕು ವರ್ಷದೊಳಗಿನ ಮಗುವಿನ ಕಿವಿ, ಕುತ್ತಿಗೆ, ಎದೆ, ಹೊಟ್ಟೆ, ಬೆನ್ನಿನ ಮೇಲೆ ಕಂದಿದ ಗುರುತು ಇದ್ದರೆ ಕೇಳಲೇಬೇಕು, ಆ ಜಾಗಗಳು ಆಟದಲ್ಲಿ ಬಿದ್ದು ಅಷ್ಟು ಸುಲಭವಾಗಿ ಕಂದಲ್ಲ. ಆಗಲೂ ಅಪರಾಧಿ ಯಾರು ಅಂತ ಹುಡುಕೋದು ನಮ್ಮ ಕೆಲಸ ಅಲ್ಲ. ಕಂಡದ್ದನ್ನ, ಮಗು ಹೇಳಿದ ಮಾತನ್ನ ಮಗುವಿನದೇ ಪದಗಳಲ್ಲಿ ಬರೆದು, ಆ ಜವಾಬ್ದಾರಿ ಇರೋರಿಗೆ ತಿಳಿಸಬೇಕು. ಇದರಲ್ಲಿ ಮುಲಾಜು ಇಲ್ಲ. ಅದಕ್ಕೇ ಒಳ್ಳೆಯ ಸೋಷಿಯಲ್ ವರ್ಕರ್ ಮೊದಲ ಭೇಟಿಯಲ್ಲೇ ಹೇಳ್ತಾರೆ: "ನೀವು ಹೇಳಿದ್ದನ್ನ ನಾನು ಗುಟ್ಟಾಗಿ ಇಡ್ತೀನಿ, ಮಗುವಿಗೆ ಅಪಾಯ ಇದೆ ಅನಿಸಿದರೆ ಮಾತ್ರ ಇಡೋಕಾಗಲ್ಲ." ಈ ಮಾತು ಹೇಳದಿದ್ದರೆ ನೀವೇ ಕೇಳಿ.

ಗುಬ್ಬಿಗೂಡು, ನೀವು ಹೋಗಿ ಕೂತ ಕೂಡಲೇ ಇನ್ನೂ ಮೂರು ವಿಷಯ ಕೇಳಿ. ಬರೆದದ್ದನ್ನ ಯಾರು ಯಾರು ಓದ್ತಾರೆ, ನನಗೆ ತೋರಿಸ್ತೀರಾ, ಮುಂದಿನ ಶಾಲೆಗೆ ಅದು ಹೋಗುತ್ತಾ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಅವರ ಬಗ್ಗೆ ನಿಮಗೆ ಒಂದು ವಿಷಯ ಗೊತ್ತಾದ ಹಾಗಾಯ್ತು.

ಪಿಸುಮಾತು
ನನ್ನ ಮಗಳ ವಿಷಯ ಬರೀಲಾ ಬೇಡವಾ ಅಂತ ಎರಡು ದಿನ ಯೋಚಿಸಿದೆ.

ಮನೆಯಲ್ಲಿ ವಟವಟ. ಶಾಲೆಯಲ್ಲಿ ಏಳು ತಿಂಗಳು ಒಂದಕ್ಷರ ಇಲ್ಲ. ಬಾತ್‌ರೂಮಿಗೆ ಹೋಗಬೇಕು ಅಂತಾನೂ ಹೇಳ್ತಿರಲಿಲ್ಲ, ಬಟ್ಟೆ ಒದ್ದೆ ಮಾಡ್ಕೊಂಡು ನಿಂತಿರೋಳು. ಹಠ ಅಂದ್ರು. ನಾಚಿಕೆ ಅಂದ್ರು. "ಮಾತಾಡಿದರೆ ಸ್ಟಿಕ್ಕರ್ ಕೊಡ್ತೀನಿ" ಅಂದ್ರು. ಸ್ಟಿಕ್ಕರ್ ಅಂದ ದಿನದಿಂದ ತಲೆ ಆಡಿಸೋದನ್ನೂ ನಿಲ್ಲಿಸಿದಳು.

ಆಮೇಲೆ ಬಂದವರು ಸೋಷಿಯಲ್ ವರ್ಕರ್. ಶಾಲೆ ಸೇರಿದ ಮೊದಲ ತಿಂಗಳ ಮೌನವನ್ನ ಲೆಕ್ಕಕ್ಕೆ ಹಿಡಿಯಲ್ಲ, ಅದಾದ ಮೇಲೂ ತಿಂಗಳುಗಟ್ಟಲೆ ಹೀಗಿದ್ದರೆ ತಜ್ಞರಿಗೆ ತೋರಿಸಬೇಕು ಅಂತ ಹೇಳಿ ಕಳಿಸಿದ್ರು. ಆಯ್ದ ಸಂದರ್ಭಗಳ ಮೌನ, ಸೆಲೆಕ್ಟಿವ್ ಮ್ಯೂಟಿಸಂ ಅಂತ ಗೊತ್ತಾಯ್ತು. ಅದು ಹಠ ಅಲ್ಲ, ಆತಂಕ. ಗಂಟಲು ಕಟ್ಟಿದ ಹಾಗೆ ಆಗುತ್ತಂತೆ.

ತಜ್ಞರು ಹೇಳಿದ್ದನ್ನ ಶಾಲೆಯಲ್ಲಿ ಮಾಡಿಸಿದ್ದು ಮಾತ್ರ ಇವರೇ. ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ನಾನೂ ಅವಳೂ ಬ್ಲಾಕ್ ಜೋಡಿಸ್ತಾ ಕೂರ್ತಿದ್ವಿ. ಎರಡು ದಿನ ಬಿಟ್ಟು ಅಲ್ಲಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು, ಆಮೇಲೆ ಜೋರಾಗೇ. ಆಗ ಬಾಗಿಲು ಸ್ವಲ್ಪ ತೆಗೆದಿಟ್ಟರು. ಮುಂದಿನ ವಾರ ಟೀಚರ್ ಕಾರಿಡಾರಲ್ಲಿ ನಡೆದು ಹೋದ್ರು, ಒಳಗೆ ನೋಡಲಿಲ್ಲ. ಆಮೇಲೆ ಒಳಗೆ ಬಂದು ಮೂಲೆಯಲ್ಲಿ ಪುಸ್ತಕ ಜೋಡಿಸಿದ್ರು. ಆಮೇಲೆ ಅವಳ ಗೆಳತಿ ಒಬ್ಬಳು ಬ್ಲಾಕ್ ಹತ್ತಿರ ಬಂದಳು. ಹನ್ನೊಂದನೇ ವಾರ ಟೀಚರ್ ಬ್ಲಾಕ್ ಬೀಳಿಸಿದಾಗ "ಅಯ್ಯೋ ಬಿತ್ತು" ಅಂದಳು. ಟೀಚರ್ ತಲೆ ಎತ್ತದೆ "ಹೂಂ, ಬಿತ್ತು" ಅಂದ್ರು, ಅಷ್ಟೇ. ಯಾರೂ ಚಪ್ಪಾಳೆ ತಟ್ಟಬಾರದು ಅಂತ ಸೋಷಿಯಲ್ ವರ್ಕರ್ ಮೊದಲೇ ಹೇಳಿದ್ರು. ನಾನು ಹೊರಗೆ ಬಂದು ಅತ್ತೆ.

ಬಣ್ಣದ ಪೆನ್ಸಿಲ್
ಆ ಟೀಚರ್ ತಲೆ ಎತ್ತದೇ ಇದ್ದಿದ್ದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಕಿವಿಮಾತು
ತಡವಾಗಿ ನೋಡಿದೆ. ನಾನು ಆಡಿಯಾಲಜಿಸ್ಟ್, ಶ್ರವಣ ಪರೀಕ್ಷೆ ಮಾಡೋಳು. ಗುಬ್ಬಿಗೂಡು ಅವರೇ, ಮೊದಲ ಪೋಸ್ಟಲ್ಲಿ "ಕರೆದರೂ ತಿರುಗಲ್ಲ", "ಕಥೆ ಹೇಳುವಾಗ ಎದ್ದು ಹೋಗ್ತಾನೆ" ಅಂದಿದ್ದೀರಿ. ಇತ್ತೀಚೆಗೆ ನೆಗಡಿ ಆಗಿತ್ತಾ? ಕಿವಿ ಪರೀಕ್ಷೆ ಆಗಿದೆಯಾ?

ಈ ವಯಸ್ಸಿನ ಮಕ್ಕಳಿಗೆ ನೆಗಡಿ ಆದಮೇಲೆ ಕಿವಿ ತಮಟೆಯ ಹಿಂದೆ ನೀರು ತುಂಬೋದು ತುಂಬಾ ಸಾಮಾನ್ಯ. ನೋವಿಲ್ಲ, ಸೋರಲ್ಲ, ಜ್ವರ ಇಲ್ಲ, ಯಾರಿಗೂ ಗೊತ್ತಾಗಲ್ಲ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಒಂದು ದಿನ ತರಗತಿಯಲ್ಲಿ ಕೂತು ನೋಡಿ, ಅಂಥ ಕೇಳಿಸುವಿಕೆ. ಮನೆಯಲ್ಲಿ ಹತ್ತಿರದಿಂದ, ಮುಖ ನೋಡಿ ಮಾತಾಡ್ತೀರಿ, ತಿಳಿಯುತ್ತೆ. ಇಪ್ಪತ್ತು ಮಕ್ಕಳ ಗದ್ದಲದಲ್ಲಿ ಹಿಂದಿನಿಂದ ಕರೆದರೆ ತಿಳಿಯಲ್ಲ. ಒಂದು ದಿನ ಚೆನ್ನಾಗಿ ಕೇಳುತ್ತೆ, ಇನ್ನೊಂದು ದಿನ ಇಲ್ಲ, ಅದಕ್ಕೇ "ಬೇಕು ಅಂತ ಮಾಡ್ತಾನೆ" ಅನ್ನೋ ಹೆಸರು ಬರುತ್ತೆ. ಹುಟ್ಟಿದಾಗ ಮಾಡಿಸಿದ ಪರೀಕ್ಷೆ ಸರಿಯಿತ್ತು ಅನ್ನೋದು ಇಲ್ಲಿ ಉತ್ತರ ಅಲ್ಲ.

ಗುಬ್ಬಿಗೂಡು
ಅಯ್ಯೋ. ನೆಗಡಿ ಆಗಿತ್ತು, ಎರಡು ತಿಂಗಳ ಹಿಂದೆ, ಬಿಡದೆ ಮೂರು ವಾರ. ಟಿವಿ ಸೌಂಡ್ ಜಾಸ್ತಿ ಮಾಡು ಅಂತಾನೂ ಹಠ ಮಾಡ್ತಾನೆ, ನಾನು ಬೈದು ಕಡಿಮೆ ಮಾಡ್ತಿದ್ದೆ. ನಾಳೆನೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ತೀನಿ.

ಇವತ್ತು ಸೋಷಿಯಲ್ ವರ್ಕರ್ ಭೇಟಿ ಆಯ್ತು. ನನಗಿಂತ ಚಿಕ್ಕವರು. ನೀವು ಹೇಳಿಕೊಟ್ಟ ಮೂರು ಪ್ರಶ್ನೆ ಚೀಟಿಯಲ್ಲಿ ಬರ್ಕೊಂಡು ಹೋಗಿದ್ದೆ. ಕೇಳಿದಾಗ ನಕ್ಕು, "ನಾನೇ ಮೊದಲು ಹೇಳಬೇಕಿತ್ತು" ಅಂದ್ರು. ಅವರ ಟಿಪ್ಪಣಿ ತೋರಿಸಿದ್ರು. ಅದರಲ್ಲಿ ಎಲ್ಲೂ "ತುಂಟ", "ಒರಟ" ಅಂತ ಇರಲಿಲ್ಲ. ಅವರು ನಾಲ್ಕು ದಿನ ತರಗತಿಯಲ್ಲಿ ಕೂತಿದ್ರಂತೆ. ತಳ್ಳಾಟ ಹೆಚ್ಚುಕಡಿಮೆ ಎಲ್ಲ ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಹೋಗುವಾಗ, ಎಲ್ಲರೂ ಒಟ್ಟಿಗೆ ಎದ್ದು ಗದ್ದಲ ಆಗುವಾಗಲೇ. ಕರೆದಾಗ ತಿರುಗದಿದ್ದದ್ದನ್ನೂ ಬರೆದಿದ್ರು, ಹಿಂದಿನಿಂದ ಕರೆದಾಗ ಒಂದು ಕಾಲಂ, ಎದುರಿನಿಂದ ಕರೆದಾಗ ಇನ್ನೊಂದು. ಕೆಳಗೆ "ಶ್ರವಣ ಪರೀಕ್ಷೆಗೆ ಕೇಳಬೇಕು" ಅಂತ ಇತ್ತು. ಕಿವಿಮಾತು ಅವರೇ, ನಿಮ್ಮ ಮೆಸೇಜ್ ಓದಿದ್ದು ಅದಾದ ಮೇಲೆ, ಮೈ ಜುಂ ಅಂತು.

ಇನ್ನೊಂದು ಪ್ರಶ್ನೆ ಕೇಳಿದ್ರು, ಅದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. "ಮನೆಯಲ್ಲಿ ಎರಡು ಮೂರು ತಿಂಗಳಲ್ಲಿ ಏನಾದರೂ ಬದಲಾಗಿದೆಯಾ?" ಏನೂ ಇಲ್ಲ ಅಂದೆ. ಸುಮ್ಮನೆ ಕೂತಿದ್ರು. ಆಮೇಲೆ ನೆನಪಾಯ್ತು, ನನ್ನ ಗಂಡ ಬೇರೆ ಊರಿಗೆ ಕೆಲಸಕ್ಕೆ ಹೋಗೋಕೆ ಶುರು ಮಾಡಿದ್ದು ಆಗಲೇ. ಭಾನುವಾರ ರಾತ್ರಿ ಹೋಗ್ತಾರೆ, ಶುಕ್ರವಾರ ಬರ್ತಾರೆ. "ಹೋಗುವಾಗ ಮಗನಿಗೆ ಹೇಳಿ ಹೋಗ್ತಾರಾ?" ಅಂದ್ರು. ಇಲ್ಲ. ಅಳ್ತಾನೆ ಅಂತ ನಿದ್ದೆ ಮಾಡಿದ ಮೇಲೆ ಹೋಗ್ತಾರೆ. ಅವರು ಏನೂ ಅನ್ನಲಿಲ್ಲ, ಬರ್ಕೊಂಡ್ರು. ನನಗೇ ಹೊಟ್ಟೆಯಲ್ಲಿ ಒಂಥರಾ ಆಯ್ತು.

ಅಜ್ಜಿಮನೆ
ಕದ್ದು ಹೋಗೋದು ಎಲ್ಲರೂ ಮಾಡ್ತಾರೆ ಮಗಾ, ನಾನೂ ಮಾಡಿದ್ದೀನಿ. ಎದ್ದ ಮಗು ಮನೆಯೆಲ್ಲ ಹುಡುಕೋದನ್ನ ಮಾತ್ರ ನೋಡೋರು ಬೇರೆ ಯಾರೋ ಆಗಿರ್ತಾರೆ.

ನೇರಮಾತು
ಸರಿ, ಇವರಿಗೆ ಒಳ್ಳೆಯವರು ಸಿಕ್ಕಿದ್ದಾರೆ, ಸಂತೋಷ. ಆದರೆ ನಾಲ್ಕು ದಿನ ಒಂದು ಮಗುವಿಗೆ ಕೊಡೋಕೆ ಎಷ್ಟು ಶಾಲೆಗಳಲ್ಲಿ ಆಗುತ್ತೆ? ಇಂಥ ಮನೆ ಭೇಟಿ, ಗಮನಿಸೋದು ಇವಕ್ಕೆಲ್ಲ ಫಲ ಇದೆ ಅನ್ನೋಕೆ ಆಧಾರ ಏನು?

ಎಂಎಸ್‌ಡಬ್ಲ್ಯೂ ಎರಡನೇ ವರ್ಷ
ಸರ್, ಪೆರ್ರಿ ಪ್ರೀಸ್ಕೂಲ್ ಯೋಜನೆ ಇದೆಯಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 67ರವರೆಗೆ ನಡೆದಿದ್ದು. ಬಡ ಕುಟುಂಬಗಳ 123 ಮಕ್ಕಳನ್ನ ಎರಡು ಗುಂಪು ಮಾಡಿ, 58 ಮಕ್ಕಳಿಗೆ ಪ್ರೀಸ್ಕೂಲ್ ಕೊಟ್ಟು, ವಾರಕ್ಕೊಂದು ಸಲ ಒಂದೂವರೆ ಗಂಟೆ ಮನೆಗೂ ಹೋಗ್ತಿದ್ರು. ಆ ಮಕ್ಕಳಿಗೆ 40 ವರ್ಷ ತುಂಬಿದ ಮೇಲೂ ಹಿಂಬಾಲಿಸಿ ನೋಡಿದ್ದಾರೆ. ಹೈಸ್ಕೂಲ್ ಮುಗಿಸಿದೋರು, ಸಂಪಾದನೆ ಇರೋರು ಆ ಗುಂಪಲ್ಲಿ ಹೆಚ್ಚು, ಜೈಲಿಗೆ ಹೋದವರು ಕಡಿಮೆ.

ನೇರಮಾತು
123 ಮಕ್ಕಳು, ಒಂದೇ ಊರು, ಅರವತ್ತು ವರ್ಷದ ಹಿಂದೆ. ಅದನ್ನ ಹಿಡಿದುಕೊಂಡು ಎಲ್ಲ ಕಡೆ ಹೇಳ್ತಾರೆ.

ಹಳೇ ಚಪ್ಪಲಿ
ಅದರ ಜೊತೆ, ಪೆರ್ರಿಯಲ್ಲಿ ಮನೆಗೆ ಹೋಗ್ತಿದ್ದದ್ದು ಟೀಚರ್‌ಗಳು, ಸೋಷಿಯಲ್ ವರ್ಕರ್‌ಗಳಲ್ಲ. ಅದನ್ನ ತೋರಿಸಿ ನಮ್ಮ ಕೆಲಸಕ್ಕೆ ಬೆಲೆ ಕಟ್ಟಿದರೆ ಮೋಸ ಆಗುತ್ತೆ. ಮನೆಗೂ ತರಗತಿಗೂ ನಡುವಿನ ದಾರಿ ಸವೆದಷ್ಟೂ ಮಗುವಿಗೆ ಒಳ್ಳೆಯದು ಅನ್ನೋದಕ್ಕೆ ಅದನ್ನ ನೆನೆಸಿಕೊಳ್ಳಬಹುದು, ಅಷ್ಟು ಮಾತ್ರ.

ಸಮಯದ ಬಗ್ಗೆ ನೇರಮಾತು ಹೇಳಿದ್ದು ಸರಿ, ನನಗೆ ಕೊಡೋಕೆ ಒಳ್ಳೆಯ ಉತ್ತರ ಇಲ್ಲ. ಅಮೆರಿಕದ ಸಮಾಜ ಕಾರ್ಯಕರ್ತರ ರಾಷ್ಟ್ರೀಯ ಸಂಘ ಶಿಫಾರಸು ಮಾಡೋದು 250 ಮಕ್ಕಳಿಗೆ ಒಬ್ಬರು, ತೀವ್ರ ತೊಂದರೆ ಇರೋ ಮಕ್ಕಳಾದರೆ 50ಕ್ಕೆ ಒಬ್ಬರು. ನನ್ನ ಕೈಕೆಳಗೆ ಕೊನೆಯ ಆರು ವರ್ಷ ಮೂರು ಶಾಲೆ ಇದ್ವು. ಕಚ್ಚೋ, ಹೊಡೆಯೋ ಮಕ್ಕಳಿಗೆ ಸಮಯ ಹೋಗುತ್ತಿತ್ತು. ಮೂಲೆಯಲ್ಲಿ ಸುಮ್ಮನೆ ಕೂತಿರೋ ಮಗು, ಯಾರಿಗೂ ತೊಂದರೆ ಕೊಡದ ಮಗು, ಅದರ ಹೆಸರು ನನ್ನ ಪಟ್ಟಿಯಲ್ಲಿ ಮುಂದಿನ ವಾರಕ್ಕೆ, ಅದರ ಮುಂದಿನ ವಾರಕ್ಕೆ ಹೋಗ್ತಾನೇ ಇರೋದು. ಪಿಸುಮಾತು ಅವರ ಮಗಳಿಗೆ ಏಳು ತಿಂಗಳು ಯಾಕೆ ಬೇಕಾಯ್ತು ಅಂದ್ರೆ ಹೀಗೆ.

ಇಬ್ಬರ ಅಪ್ಪ
ಒಂದು ಸಣ್ಣ ಅನುಮಾನ, ಮಧ್ಯೆ ತೂರಿಸ್ತಿದ್ದೀನಿ. ನನ್ನ ಚಿಕ್ಕವಳಿಗೆ ಮೂರು ವರ್ಷ. ಬೇರೆ ಮಕ್ಕಳ ಪಕ್ಕ ಕೂತೇ ತನ್ನ ಪಾಡಿಗೆ ಆಡ್ತಾಳೆ, ಅವರ ಜೊತೆ ಸೇರಲ್ಲ. ಇದನ್ನೂ ತೋರಿಸಬೇಕಾ?

ಬಣ್ಣದ ಪೆನ್ಸಿಲ್
ಮೂರಕ್ಕೆ ಪಕ್ಕಪಕ್ಕ ಕೂತು ಬೇರೆಬೇರೆ ಆಡೋದು ಆಟದ ಒಂದು ಹಂತವೇ ಸರ್. ಮಿಲ್ಡ್ರೆಡ್ ಪಾರ್ಟನ್ ಅನ್ನೋ ಸಂಶೋಧಕಿ 1932ರಲ್ಲೇ ಇದನ್ನ ಬರೆದಿದ್ದಾರೆ. ಬೇರೆಯವರು ಏನು ಮಾಡ್ತಿದ್ದಾರೆ ಅಂತ ಕಣ್ಣಂಚಲ್ಲಿ ನೋಡ್ತಾಳಾ, ನಿಮಗೆ ಏನಾದರೂ ತಂದು ತೋರಿಸ್ತಾಳಾ? ಹೌದಾದರೆ ಆಡಲಿ ಬಿಡಿ.

ಗುಬ್ಬಿಗೂಡು
ಮೂರು ವಾರ ಆಯ್ತು, ಏನಾಯ್ತು ಅಂತ ಕೆಲವರು ಕೇಳಿದ್ರಿ.

ಎರಡೂ ಕಿವಿಯಲ್ಲಿ ನೀರಿದೆ. ಆಪರೇಷನ್ ಮಾಡಿ ಟ್ಯೂಬ್ ಹಾಕ್ತಾರೇನೋ ಅಂತ ಹೆದರಿದ್ದೆ. ಹೆಚ್ಚಿನ ಮಕ್ಕಳಿಗೆ ತಾನಾಗೇ ಇಳಿಯುತ್ತೆ, ಮೂರು ತಿಂಗಳು ಕಾದು ಮತ್ತೆ ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ಏನು ಮಾಡಬೇಕು ಅಂತ ಸೋಷಿಯಲ್ ವರ್ಕರ್, ಟೀಚರ್, ನಾನು ಕೂತು ಒಂದು ಪುಟ ಬರೆದ್ವಿ. ಕರೆಯೋ ಮುಂಚೆ ಭುಜ ಮುಟ್ಟಬೇಕು, ಮುಖ ಕಾಣೋ ಹಾಗೆ ಮಾತಾಡಬೇಕು. ಕಥೆಗೆ ಮುಂದಿನ ಸಾಲಲ್ಲಿ ಜಾಗ. ಮುಂದೆ ಏನು ನಡೆಯುತ್ತೆ ಅಂತ ಗೋಡೆ ಮೇಲೆ ಚಿತ್ರದ ಕಾರ್ಡ್. ಸಾಲಲ್ಲಿ ಹೋಗುವಾಗ ಬಾಗಿಲು ಹಿಡಿಯೋ ಕೆಲಸ ಇವನದ್ದು, ಆಗ ಹಿಂದೆ ಮುಂದೆ ತಳ್ಳೋಕೆ ಯಾರೂ ಸಿಗಲ್ಲ! ಕಾರ್ಡ್ ಎಲ್ಲ ಮಕ್ಕಳಿಗೂ ಇಷ್ಟ ಆಗಿದೆಯಂತೆ.

ತಳ್ಳೋದು ಕಡಿಮೆ ಆಗಿದೆ. ನಿಂತಿಲ್ಲ. ಹೋದ ಸೋಮವಾರ ಒಬ್ಬನಿಗೆ ಕಾರ್ ತಗೊಂಡು ತಲೆಗೆ ಹೊಡೆದ. ಸೋಮವಾರಗಳೇ ಇನ್ನೂ ಕಷ್ಟ ಅಂತ ಅವರ ಪಟ್ಟಿಯಲ್ಲೂ ಇದೆ.

ಅವನು ಕಚ್ಚಿದ್ದ ಆ ಹುಡುಗಿಯ ಅಮ್ಮನ ಜೊತೆಗೂ ಮಾತಾಡಿದೆ. ಸೋಷಿಯಲ್ ವರ್ಕರ್ ಹೇಳಿದ್ದಕ್ಕಲ್ಲ, ನಾನಾಗೇ. ಕಿವಿ ವಿಷಯ ಹೇಳಬೇಕೋ ಬೇಡವೋ ನಿಮ್ಮಿಷ್ಟ, ಶಾಲೆಯಿಂದ ಯಾರೂ ಹೇಳಲ್ಲ ಅಂದಿದ್ರು. ನಾನೇ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡ್ರು, "ಸರಿ" ಅಂದ್ರು. ಇನ್ನೂ ಪೂರ್ತಿ ಸರಿಹೋಗಿಲ್ಲ ಅನಿಸುತ್ತೆ, ಅವರ ಜಾಗದಲ್ಲಿ ನಾನಿದ್ದಿದ್ದರೂ ಹಾಗೇ.

ಈಗ ನನ್ನ ಗಂಡ ಭಾನುವಾರ ಸಂಜೆಯೇ ಚೀಲ ತುಂಬೋದನ್ನ ಮಗನ ಎದುರಿಗೆ ಮಾಡ್ತಾರೆ. ಐದು ರಾತ್ರಿ ಆದಮೇಲೆ ಬರ್ತೀನಿ ಅಂತ ಕ್ಯಾಲೆಂಡರಲ್ಲಿ ಐದು ಚಂದ್ರ ಬರೆದಿದ್ದಾರೆ, ದಿನಕ್ಕೊಂದು ಅಳಿಸ್ತಾನೆ. ಹೇಳಿ ಹೋಗೋಕೆ ಶುರು ಮಾಡಿದ ಮೇಲೆ ಬಾಗಿಲಲ್ಲಿ ಇಪ್ಪತ್ತು ನಿಮಿಷ ಅಳ್ತಾನೆ. ಮೊದಲು ಅಳ್ತಿರಲಿಲ್ಲ! ನನ್ನ ಅತ್ತೆ "ಚೆನ್ನಾಗಿದ್ದ ಮಗುವನ್ನ ಅಳಿಸ್ತಿದ್ದೀರಿ" ಅಂತಾರೆ. ನಾವು ಮಾಡ್ತಿರೋದು ಸರಿನಾ ಮೇಡಂ? ಸೋಮವಾರ ಹತ್ತು ಗಂಟೆಗೆ ಮತ್ತೆ ಮೀಟಿಂಗ್ ಇದೆ, ಅಲ್ಲಿ ಕೇಳೋದೋ, ಅಥವಾ ಇದು ಮನೆ ವಿಷಯ ಅಂತ ಬಿಡೋದೋ?

ಹಳೇ ಚಪ್ಪಲಿ
ಅಲ್ಲೇ ಕೇಳಿ, ಅದಕ್ಕೇ ಅವರಿರೋದು. ನನ್ನ ಅಭಿಪ್ರಾಯ ಕೇಳಿದರೆ, ಅಳಲಿ. ಮೊದಲು ಅವನಿಗೆ ಅಳೋಕೆ ಬಾಗಿಲೇ ಸಿಗ್ತಿರಲಿಲ್ಲ, ಎದ್ದಾಗ ಅಪ್ಪ ಇರ್ತಿರಲಿಲ್ಲ ಅಷ್ಟೇ. ಬಾಗಿಲಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ ಅಂತ ಯಜಮಾನರಿಗೆ ಹೇಳಿ, ಒಂದು ಸಲ ಅಪ್ಪಿಕೊಂಡು ಹೊರಡಲಿ. ಸಾಧ್ಯವಾದರೆ ಅತ್ತೆಯವರನ್ನೂ ಸೋಮವಾರ ಕರ್ಕೊಂಡು ಹೋಗಿ, ಹೊರಗೆ ಕೂರಿಸಬೇಡಿ, ಹಗಲೆಲ್ಲ ಮಗುವಿನ ಜೊತೆ ಇರೋರು ಅವರೇ ತಾನೆ?

ಶ್ರವಣ ಪರೀಕ್ಷೆಯ ಕಾಗದದ ಜೆರಾಕ್ಸ್ ಮಾತ್ರ ಶಾಲೆಗೆ ಕೊಡಿ, ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ.